ಬಾದಾಮಿ: ಊರೋ, ಬೀಜವೋ?

ಮಾಹಿತಿಯ ಮಹಾಪೂರದಲ್ಲಿ ಅಕ್ಷರಗಳನ್ನಷ್ಟೇ ಹೋಲಿಸುವ ಗಣಕಯಂತ್ರವನ್ನು ‘ಬಾದಾಮಿ’ ಎಂದು ಕೇಳಿದರೆ, 578ರ ಮಂಗಲೇಶನ ಶಾಸನದೊಡನೆ ಹಲ್ವದ ಪಾಕವನ್ನೂ ತಂದು ಸುರಿಯುತ್ತದೆ. ‘ವಾತಾಪಿ’ ಎಂದಿರುವ ಲೇಖನವನ್ನು ಬಿಟ್ಟುಬಿಡುತ್ತದೆ. ಇಳಕಲ್ಲಿನದೂ ಅದೇ ಪಾಡು: ಊರನ್ನು ಕೇಳಿದರೆ ಸೀರೆ!

2004ರಲ್ಲಿ ಅಂಗೀಕೃತವಾದ ‘ಔಲ್’ ಎಂಬ ಗಣಕಭಾಷೆ ಇದಕ್ಕೊಂದು ಉಪಾಯ. ಕಾವ್ಯಕ್ಕೆ ಒದಗುವ ಭಾಷೆಯಲ್ಲ. ವಸ್ತುಗಳ ಸಂಬಂಧವನ್ನಷ್ಟೇ ನುಡಿಯುತ್ತದೆ. ವಾತಾಪಿಯೇ ಬಾದಾಮಿ, ಊರು ಬೀಜವಲ್ಲ. ಕೂಡಲಸಂಗಮವು ಹುನಗುಂದ ತಾಲ್ಲೂಕಿನೊಳಗೆ, ಆ ತಾಲ್ಲೂಕು ಬಾಗಲಕೋಟೆ ಜಿಲ್ಲೆಯೊಳಗೆ ಎಂದು ಬರೆದು, ಒಳಗಿರುವಿಕೆ ಸರಪಣಿಯಂತೆ ಮುಂದುವರಿಯುವ ಸಂಬಂಧವೆಂದು ತಿಳಿಸಿದರೆ ಸಾಕು. ಸಂಗಮವು ಯಾವ ಜಿಲ್ಲೆಯದೆಂಬುದನ್ನು ಯಂತ್ರವೇ ತರ್ಕಿಸಿಕೊಳ್ಳುತ್ತದೆ.

ಆದರೆ ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಹಿಂದಿನ ಬರಹಗಳಲ್ಲಿರುವುದು ವಿಜಾಪುರ ಜಿಲ್ಲೆ. ಸಂಬಂಧದೊಡನೆ ಅದರ ಕಾಲವನ್ನೂ ನಮೂದಿಸದಿದ್ದರೆ, ಸಂಗಮವನ್ನು ಕುರಿತ ಹಳೆಯ ಬರಹಗಳು ಬಾಗಲಕೋಟೆಯ ಹೆಸರಿನಲ್ಲಿ ಹುಡುಕುವವರಿಗೆ ಸಿಗಲಾರವು.