‘ಕಾಣಲಿಲ್ಲ’ ಮತ್ತು ‘ಇಲ್ಲ’: ಮನೋವಿಜ್ಞಾನದ ಪ್ರಯೋಗಗಳಲ್ಲಿ ಬೇಯ್ಸ್ ವಿಧಾನ

ಜತ್ತ ತಾಲೂಕು ಆಡಳಿತದ ದೃಷ್ಟಿಯಿಂದ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ್ದರೂ ಉಮದಿ, ಸಂಖ, ಗುಡ್ಡಾಪುರ ಮೊದಲಾದ ಊರುಗಳಲ್ಲಿ ಕನ್ನಡ ಮನೆಮಾತಾಗಿ ಉಳಿದುಬಂದಿದೆ. ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ, ಮರಾಠಿ ಮಾಧ್ಯಮದ ಶಾಲೆಗಳೂ ಇವೆ. ಜೂನ್ ತಿಂಗಳು ಬಂತೆಂದರೆ ಪಾಲಕರ ಮುಂದೆ ಒಂದೇ ಪ್ರಶ್ನೆ: ಮಗುವನ್ನು ಕನ್ನಡ ಶಾಲೆಗೆ ಸೇರಿಸಿದರೆ ಅದು ಹಿಂದೆ ಬೀಳುವುದೇ? ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಅಭಿಮಾನದಿಂದ ಬಂದವು, ಇಲ್ಲವೆ ಭಯದಿಂದ ಬಂದವು. ಅದನ್ನು ಪರೀಕ್ಷೆಗೆ ಒಡ್ಡುವ ಬಗೆ ಯಾವುದು, ‘ಭೇದವಿಲ್ಲ’ ಎಂದು ಹೇಳಲು ಎಂತಹ ಆಧಾರ ಬೇಕು ಎಂಬುದು ಈ ಲೇಖನದ ವಿಷಯ.

ಕನ್ನಡ ಮತ್ತು ಮರಾಠಿ ಮಕ್ಕಳನ್ನು ಒಟ್ಟಿಗೆ ಗಮನಕ್ಕೆ ತಂದುಕೊಂಡ ಮಾನಸಿಕ ಪರೀಕ್ಷೆಗೆ ನಮ್ಮಲ್ಲಿ ಹಳೆಯ ಪರಂಪರೆಯಿದೆ. ವಿ. ವಿ. ಕಾಮತರು ಬಿನೆಯ ಬುದ್ಧಿಮಾಪನ ಪರೀಕ್ಷೆಯನ್ನು ಈ ಎರಡು ಭಾಷೆಗಳ ಮಕ್ಕಳಿಗಾಗಿ ಪರಿಷ್ಕರಿಸಿ, 1934ರಲ್ಲಿ ಅದರ ವಿವರವನ್ನು ಪ್ರಕಟಿಸಿದರು; 1940ರಲ್ಲಿ ಅದು ಗ್ರಂಥರೂಪವನ್ನೂ ಪಡೆಯಿತು. ಅಳೆಯುವ ಸಾಧನ ಅಂದೇ ಸಿದ್ಧವಾಗಿತ್ತು. ಅಳತೆಯಿಂದ ತೀರ್ಮಾನಕ್ಕೆ ಸಾಗುವ ದಾರಿಯೇ ಇಂದಿಗೂ ಕಠಿಣವಾದುದು.

ಒಂದು ಕಲ್ಪಿತ ಪ್ರಯೋಗವನ್ನು ತೆಗೆದುಕೊಳ್ಳೋಣ. ಮನೆಯಲ್ಲಿ ಕನ್ನಡವನ್ನೇ ಆಡುವ ನಾಲ್ಕನೆಯ ತರಗತಿಯ ಮಕ್ಕಳು ಎರಡು ಗುಂಪುಗಳಲ್ಲಿದ್ದಾರೆ: ಒಂದು ಕನ್ನಡ ಮಾಧ್ಯಮದ್ದು, ಇನ್ನೊಂದು ಮರಾಠಿ ಮಾಧ್ಯಮದ್ದು. ಎರಡೂ ಗುಂಪುಗಳಿಗೆ ಅವರವರ ಮಾಧ್ಯಮದಲ್ಲಿ ಎಂಟು ವಾರ ಬಾಯಿಲೆಕ್ಕದ ಅಭ್ಯಾಸ ಮಾಡಿಸಲಾಗುತ್ತದೆ. ಅಭ್ಯಾಸಕ್ಕೆ ಮೊದಲೊಮ್ಮೆ, ಅನಂತರವೊಮ್ಮೆ ಪ್ರತಿಯೊಂದು ಮಗುವಿಗೂ ಪರೀಕ್ಷೆ ಕೊಡಲಾಗುತ್ತದೆ. ಮಾಧ್ಯಮವೆಂಬುದು ಬೇರೆ ಬೇರೆ ಮಕ್ಕಳ ನಡುವಿನ ಭೇದ. ಮೊದಲು ಮತ್ತು ಅನಂತರ ಎಂಬುದು ಒಂದೇ ಮಗುವಿನೊಳಗಿನ ಭೇದ. ಈ ಎರಡು ಬಗೆಯ ಹೋಲಿಕೆಗಳು ಕೂಡಿರುವ ಪ್ರಯೋಗವನ್ನು ‘ಮಿಶ್ರ ವಿನ್ಯಾಸ’ ಎನ್ನುತ್ತಾರೆ.

ಇಲ್ಲಿ ಯಾವ ಗುಂಪು ಮುಂದಿದೆ ಎಂಬುದು ಮುಖ್ಯ ಪ್ರಶ್ನೆಯಲ್ಲ. ಎರಡೂ ಗುಂಪುಗಳು ಅಭ್ಯಾಸದಿಂದ ಸಮನಾಗಿ ಮುನ್ನಡೆದವೇ ಎಂಬುದೇ ಮುಖ್ಯ. ಮುನ್ನಡೆಯ ಪ್ರಮಾಣವು ಮಾಧ್ಯಮವನ್ನು ಅವಲಂಬಿಸಿ ಬದಲಾಗುವುದಾದರೆ, ಅದನ್ನು ಸಂಖ್ಯಾಶಾಸ್ತ್ರದಲ್ಲಿ ‘ಅಂತರಕ್ರಿಯೆ’ ಎಂದು ಕರೆಯುತ್ತಾರೆ.

ರೂಢಿಯ ಪರೀಕ್ಷಾಕ್ರಮವು ಮೊದಲು ‘ಭೇದವಿಲ್ಲ’ ಎಂಬ ಶೂನ್ಯ ಪ್ರಾಕ್ಕಲ್ಪನೆಯನ್ನು ಇಟ್ಟುಕೊಳ್ಳುತ್ತದೆ. ಅದು ನಿಜವಾಗಿದ್ದರೆ, ಈಗ ಕಂಡಷ್ಟು ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸವು ಆಕಸ್ಮಿಕವಾಗಿ ಬರುವ ಸಂಭವವೆಷ್ಟೆಂದು ಲೆಕ್ಕಹಾಕುತ್ತದೆ. ಇದೇ ಪಿ-ಮೌಲ್ಯ. ಅದು 0.05ಕ್ಕಿಂತ ಕಡಿಮೆಯಾದರೆ ಶೂನ್ಯ ಪ್ರಾಕ್ಕಲ್ಪನೆಯನ್ನು ಕೈಬಿಡುತ್ತಾರೆ. ಹೆಚ್ಚಾದರೆ? ‘ಭೇದ ಕಾಣಲಿಲ್ಲ’ ಎಂದಷ್ಟೇ ಹೇಳಬಹುದು. ಆದರೆ ಆ ಮಾತು ವರದಿಯಿಂದ ಭಾಷಣಕ್ಕೆ, ಭಾಷಣದಿಂದ ಪತ್ರಿಕೆಗೆ ಸಾಗುವಷ್ಟರಲ್ಲಿ ‘ಭೇದ ಇಲ್ಲ’ ಎಂದಾಗಿಬಿಡುತ್ತದೆ.

ಇವೆರಡರ ಅಂತರವನ್ನು ನಮ್ಮ ದರ್ಶನಕಾರರು ಚೆನ್ನಾಗಿ ಬಲ್ಲವರಾಗಿದ್ದರು. ಭಾಟ್ಟ ಮೀಮಾಂಸಕರು ‘ಅನುಪಲಬ್ಧಿ’ಯನ್ನು, ಎಂದರೆ ಕಾಣದಿರುವಿಕೆಯನ್ನು, ಒಂದು ಪ್ರಮಾಣವೆಂದೇ ಒಪ್ಪಿದರು. ಆದರೆ ವಸ್ತು ಅಲ್ಲಿದ್ದಿದ್ದರೆ ಕಾಣುವಂತಿರಬೇಕು ಎಂಬ ಯೋಗ್ಯತೆಯ ನಿಬಂಧನೆ ಅದಕ್ಕಿದೆ. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ನಮ್ಮ ಪ್ರಯೋಗ ಬೆಳಕಿನಲ್ಲಿ ನಡೆಯಿತೋ ಕತ್ತಲೆಯಲ್ಲಿ ನಡೆಯಿತೋ ಎಂಬುದನ್ನು ಪಿ-ಮೌಲ್ಯವೊಂದೇ ತಿಳಿಸುವುದಿಲ್ಲ.

ಬೇಯ್ಸ್ ವಿಧಾನವು ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳುತ್ತದೆ. ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ 1761ರಲ್ಲಿ ತೀರಿಕೊಂಡ ಮೇಲೆ, ಅವನ ಪ್ರಬಂಧವನ್ನು ಸ್ನೇಹಿತ ರಿಚರ್ಡ್ ಪ್ರೈಸ್ 1763ರಲ್ಲಿ ಪ್ರಕಟಿಸಿದನು. ಆ ತತ್ತ್ವವನ್ನು ಪ್ರಾಕ್ಕಲ್ಪನೆಗಳ ಪರೀಕ್ಷೆಗೆ ವಿಸ್ತಾರವಾಗಿ ಅಳವಡಿಸಿದವರು ಹೆರಾಲ್ಡ್ ಜೆಫ್ರೀಸ್. ಅವರ ಗ್ರಂಥ 1939ರದು. ‘ಭೇದವಿಲ್ಲ’ ಎಂಬ ವಾದಿಯನ್ನೂ ‘ಭೇದವಿದೆ’ ಎಂಬ ಪ್ರತಿವಾದಿಯನ್ನೂ ಎದುರುಬದುರು ನಿಲ್ಲಿಸಿ, ಕೈಗೆ ಬಂದ ಫಲಿತಾಂಶವನ್ನು ಇವರಲ್ಲಿ ಯಾರು ಹೆಚ್ಚು ಸರಿಯಾಗಿ ನಿರೀಕ್ಷಿಸಿದ್ದರು ಎಂದು ಕೇಳುವುದೇ ಈ ಕ್ರಮ. ಇಬ್ಬರ ನಿರೀಕ್ಷೆಗಳ ಅನುಪಾತಕ್ಕೆ ‘ಬೇಯ್ಸ್ ಗುಣಕ’ ಎಂದು ಹೆಸರು.

ಮೇಲಿನ ಪ್ರಯೋಗವನ್ನೇ ಸರಳಗೊಳಿಸಿ ನೋಡೋಣ. ಆರಂಭದ ಅಂಕಗಳು ಸಮನಾಗಿರುವಂತೆ ಎರಡು ಮಾಧ್ಯಮಗಳಿಂದ ಒಂದೊಂದು ಮಗುವನ್ನು ಆರಿಸಿ 100 ಜೋಡಿಗಳನ್ನು ಮಾಡಿದೆವೆಂದುಕೊಳ್ಳಿ. ಪ್ರತಿ ಜೋಡಿಯಲ್ಲಿ ಹೆಚ್ಚು ಮುನ್ನಡೆದವರಾರೆಂದು ಎಣಿಸಬೇಕು. ವಾದಿಯ ಪ್ರಕಾರ ಇದು ನಾಣ್ಯ ಚಿಮ್ಮಿದಂತೆ, ಸಮಸಮ ಸಂಭವ. ಪ್ರತಿವಾದಿಯು ಯಾವ ಪ್ರಮಾಣವಾದರೂ ಸಮಾನವಾಗಿ ಸಾಧ್ಯವೆನ್ನುತ್ತಾನೆ. ಆಗ 0ಯಿಂದ 100ರವರೆಗಿನ 101 ಫಲಿತಾಂಶಗಳಲ್ಲಿ ಪ್ರತಿಯೊಂದಕ್ಕೂ ಅವನು ಕೊಡುವ ಸಂಭವ 1/101.

ಕನ್ನಡ ಮಾಧ್ಯಮದ ಮಗು 50 ಜೋಡಿಗಳಲ್ಲಿ ಮುಂದಿದ್ದರೆ, ವಾದಿ ಆ ಫಲಿತಾಂಶಕ್ಕೆ ಕೊಟ್ಟ ಸಂಭವ ಸುಮಾರು 0.080; ಪ್ರತಿವಾದಿ ಕೊಟ್ಟದ್ದು 0.0099. ಬೇಯ್ಸ್ ಗುಣಕ ಸುಮಾರು 8, ಅದು ‘ಭೇದವಿಲ್ಲ’ ಎಂಬುದರ ಪರ. 60 ಜೋಡಿಗಳಲ್ಲಿ ಮುಂದಿದ್ದರೆ ಗುಣಕ ಸುಮಾರು 1.1, ಎಂದರೆ ಸಾಕ್ಷ್ಯ ಯಾರ ಪರವೂ ಇಲ್ಲ. ಪಿ-ಮೌಲ್ಯದ ಲೆಕ್ಕದಲ್ಲಾದರೋ 50ಕ್ಕೆ 1, 60ಕ್ಕೆ 0.057. ಎರಡೂ 0.05ರ ಗೆರೆಯನ್ನು ದಾಟಿದವುಗಳೇ, ಎರಡಕ್ಕೂ ‘ಭೇದ ಕಾಣಲಿಲ್ಲ’ ಎಂಬ ಒಂದೇ ಷರಾ. ಒಂದು ಬೆಳಕಿನಲ್ಲಿ ಕಾಣದ ಗಡಿಗೆ, ಇನ್ನೊಂದು ಮಬ್ಬಿನಲ್ಲಿ ಕಾಣದ ಗಡಿಗೆ. ಇನ್ನು 65 ಜೋಡಿಗಳಾದರೆ ಸಾಕ್ಷ್ಯ ತಿರುಗಿ, ‘ಭೇದವಿದೆ’ ಎಂಬುದರ ಪರ ಸುಮಾರು 11 ಪಟ್ಟಾಗುತ್ತದೆ. ಗುಣಕ 3ಕ್ಕಿಂತ ಕಡಿಮೆಯಿದ್ದರೆ ಅದನ್ನು ದುರ್ಬಲವೆಂದೂ 10ನ್ನು ಮೀರಿದರೆ ಪ್ರಬಲವೆಂದೂ ಪರಿಗಣಿಸುವುದು ಜೆಫ್ರೀಸರಿಂದ ಬಂದ ವಾಡಿಕೆ.

ನಿಜವಾದ ಪ್ರಯೋಗದಲ್ಲಿ ಅಂಕಗಳನ್ನು ಹೀಗೆ ಎಣಿಕೆಗೆ ಇಳಿಸಬೇಕಾಗಿಲ್ಲ. ಪ್ರತಿಯೊಂದು ಮಗುವಿಗೂ ತನ್ನದೇ ಆದ ಆರಂಭದ ಮಟ್ಟವಿರುತ್ತದೆಂದು ಒಪ್ಪಿ, ಮಾಧ್ಯಮ ಮತ್ತು ಕಾಲಗಳ ಪ್ರಭಾವ ಮಾತ್ರವಿರುವ ಒಂದು ಮಾದರಿಯನ್ನೂ, ಅವುಗಳ ಜೊತೆಗೆ ಅಂತರಕ್ರಿಯೆಯೂ ಇರುವ ಇನ್ನೊಂದು ಮಾದರಿಯನ್ನೂ ಹೋಲಿಸುತ್ತಾರೆ. ಜೆಫ್ರಿ ರೌಡರ್ ಮತ್ತು ಸಂಗಡಿಗರು 2012ರಲ್ಲಿ ಇಂತಹ ವಿನ್ಯಾಸಗಳಿಗೆ ಗುಣಕವನ್ನು ಕಂಡುಹಿಡಿಯುವ ಕ್ರಮವನ್ನು ವಿವರಿಸಿದರು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಜಾಸ್ಪ್’ ಎಂಬ ಉಚಿತ ತಂತ್ರಾಂಶ ಈ ಲೆಕ್ಕವನ್ನು ಸಾಮಾನ್ಯ ಗಣಕಯಂತ್ರದಲ್ಲಿಯೇ ಮಾಡಿಕೊಡುತ್ತದೆ.

ಗುಣಕವು ಕೇಳುಗರ ಪೂರ್ವನಂಬಿಕೆಯನ್ನು ಅಳಿಸುವುದಿಲ್ಲ, ತಿದ್ದುತ್ತದೆ. ಎರಡೂ ಪಕ್ಷಗಳನ್ನು ಸಮಸಮವಾಗಿ ನಂಬಿದ್ದ ಪಾಲಕರು ಗುಣಕ 8 ಬಂದಾಗ ‘ಭೇದವಿಲ್ಲ’ ಎಂಬುದನ್ನು ಶೇಕಡಾ 89ರಷ್ಟು ನಂಬಬಹುದು. ಭೇದವಿದೆಯೆಂದು ನಾಲ್ಕು ಪಟ್ಟು ಹೆಚ್ಚು ನಂಬಿದ್ದವರೂ ಈಗ ಶೇಕಡಾ 20ರಿಂದ 67ಕ್ಕೆ ಬರಬೇಕಾಗುತ್ತದೆ. ಭಿನ್ನಾಭಿಪ್ರಾಯವಿದ್ದವರು ಒಂದೇ ಸಾಕ್ಷ್ಯದಿಂದ ಹತ್ತಿರ ಬರುವ ದಾರಿಯಿದು.

ಎರಡು ಎಚ್ಚರಿಕೆಗಳು ಅಗತ್ಯ. ಪ್ರತಿವಾದಿಯ ನಿರೀಕ್ಷೆಯನ್ನು ಬದಲಿಸಿದರೆ ಗುಣಕವೂ ಬದಲಾಗುತ್ತದೆ. ಅವನು ಅಲ್ಪ ಭೇದವನ್ನಷ್ಟೇ ನಿರೀಕ್ಷಿಸಿದ್ದರೆ 50 ಜೋಡಿಗಳ ಫಲಿತಾಂಶವು ಅವನ ವಿರುದ್ಧ ಅಷ್ಟು ಬಲವಾಗಿ ನುಡಿಯುತ್ತಿರಲಿಲ್ಲ. ಆದುದರಿಂದ ನಿರೀಕ್ಷೆಯನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಬೇಕು. ಎರಡನೆಯದಾಗಿ, ಮಕ್ಕಳನ್ನು ಶಾಲೆಗೆ ಹಂಚುವವರು ಸಂಶೋಧಕರಲ್ಲ, ಪಾಲಕರು. ಮನೆಯ ಸ್ಥಿತಿಗತಿ, ಊರಿನ ದೂರ, ಶಿಕ್ಷಕರ ಸಂಖ್ಯೆ ಇವೆಲ್ಲ ಮಾಧ್ಯಮದ ಜೊತೆಗೇ ಬೆರೆತು ಬರುತ್ತವೆ. ಗುಣಕವೆಷ್ಟೇ ದೊಡ್ಡದಾದರೂ ಭೇದಕ್ಕೆ ಮಾಧ್ಯಮವೇ ಕಾರಣವೆಂದು ಅದು ಹೇಳಲಾರದು.

ಗಡಿನಾಡಿನ ಕನ್ನಡ ಶಾಲೆಯ ಪರವಾಗಿ ಮಾತನಾಡುವವರಿಗೆ ‘ಕಾಣಲಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದುವ ಆಸೆಯಾಗುವುದು ಸಹಜ. ಆದರೆ ಮಬ್ಬಿನಲ್ಲಿ ನಡೆದ ಪರೀಕ್ಷೆಯ ಬಲದಿಂದ ಪಾಲಕರಿಗೆ ಭರವಸೆ ಕೊಟ್ಟರೆ, ಅದರ ಬೆಲೆಯನ್ನು ತೆರಬೇಕಾಗುವುದು ಮಗು. ಹಿಂದೆ ಬೀಳುವುದಿಲ್ಲವೆಂಬುದಕ್ಕೆ ಸಾಕ್ಷ್ಯವಿದ್ದರೆ ಅದನ್ನು ಧೈರ್ಯವಾಗಿ ಹೇಳಬೇಕು. ಇಲ್ಲದಿದ್ದರೆ ಇನ್ನಷ್ಟು ಮಕ್ಕಳನ್ನು ಪರೀಕ್ಷಿಸುವವರೆಗೆ ತಾಳಬೇಕು. ಈ ಎರಡನ್ನೂ ಬೇರ್ಪಡಿಸಿ ತೋರಿಸುವುದೇ ಬೇಯ್ಸ್ ವಿಧಾನದ ಉಪಕಾರ.