ಕರಿಗೇರು ಮರವನ್ನು ಗುರುತಿಸುವ ಬಗೆ

ಬುಕ್ಕಸಾಗರದ ಗದ್ದೆತೋಟಗಳಿಗೆ ದಕ್ಷಿಣದಲ್ಲಿರುವ ಸಂಡೂರು ಬೆಟ್ಟಗಳ ಎಲೆಯುದುರುವ ಕಾಡುಗಳಲ್ಲಿ ಕರಿಗೇರು ಎಂಬ ದೇಶೀಯ ವೃಕ್ಷವು ಬೆಳೆಯುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಭಲ್ಲಾತಕವೆಂದೂ ತೆಲುಗಿನಲ್ಲಿ ನಲ್ಲಜೀಡಿಯೆಂದೂ ಹೆಸರು. ಇದರ ರಸವು ಮೈಗೆ ಸೋಕಿದರೆ ಉರಿ, ಬಾವು, ಬೊಬ್ಬೆಗಳುಂಟಾಗುವುವು. ಆದಕಾರಣ ಆಳುಗಳನ್ನು ಮರದ ಕೆಲಸಕ್ಕೆ ಕಳುಹಿಸುವ ಭೂಮಾಲೀಕರೂ ಊರ ಮುಖಂಡರೂ ಇದರ ಲಕ್ಷಣಗಳನ್ನು ತಿಳಿದಿರುವುದು ಅವಶ್ಯಕ.

ತೊಗಟೆ: ಕಂದುಗಪ್ಪು, ಒರಟು. ಗಾಯವಾದೆಡೆಯಲ್ಲಿ ಒಸರುವ ರಸವು ಗಾಳಿ ತಾಗಿ ಕಪ್ಪಾಗುವುದು. ಪರೀಕ್ಷೆಗಾಗಿ ತೊಗಟೆಯನ್ನು ಕೆತ್ತಬಾರದು. ಹಳೆಯ ಗಾಯಗಳ ಕಪ್ಪುಕಲೆಯನ್ನು ನೋಡಿದರೆ ಸಾಕು.

ಎಲೆ: 7ರಿಂದ 24 ಅಂಗುಲ ಉದ್ದ; ದಪ್ಪ, ತುದಿ ದುಂಡು, ಅಡಿಭಾಗ ಬೂದುಬಣ್ಣ. ಕೊಂಬೆಗಳ ತುದಿಯಲ್ಲಿ ಗುಂಪಾಗಿರುವುವು, ಬೇಸಗೆಯಲ್ಲಿ ಉದುರುವುವು.

ಕಾಯಿ: ಇದೇ ನಿಶ್ಚಿತವಾದ ಗುರುತು. ಚಳಿಗಾಲದಲ್ಲಿ ಮಾಗುವ, ಸುಮಾರು ಒಂದು ಅಂಗುಲದ, ಹೊಳೆಯುವ ಕಪ್ಪು ಕಾಯಿಯು ಕಿತ್ತಳೆಬಣ್ಣದ ತಿರುಳುಳ್ಳ ಬಟ್ಟಲಿನಲ್ಲಿ ಕುಳಿತಂತೆ ತೋರುವುದು. ಹಿಂದೆ ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕುತ್ತಿದ್ದುದು ಈ ಕಾಯಿಯ ರಸದಿಂದಲೇ.

ಇದೇ ಕುಟುಂಬದ ಎರಡು ಮರಗಳೊಡನೆ ಭ್ರಾಂತಿಯುಂಟಾಗಬಹುದು. ಚಾರೋಳಿ ಬೀಜವನ್ನು ಕೊಡುವ ಮುರುಕಲು ಮರದ ತೊಗಟೆಯು ಮೊಸಳೆಯ ಚರ್ಮದಂತೆ ಚೌಕಚೌಕವಾಗಿ ಸೀಳಿರುವುದು. ಅದರ ಹಣ್ಣು ಕಪ್ಪಾದರೂ ಚಿಕ್ಕದು, ಬಟ್ಟಲಿಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೋಡಂಬಿಯ ಗೇರುಮರದಲ್ಲಿ ಬೀಜವು ದೊಡ್ಡ ಹಣ್ಣಿನ ಕೆಳಗೆ ತೂಗುವುದು, ಎಲೆಯೂ ಚಿಕ್ಕದು.

ಕರಿಗೇರಿನ ಮರಮಟ್ಟು ಬಾಳಿಕೆ ಬರುವಂತಹದಲ್ಲ. ಕಾಯಿಗಾದರೋ ಗ್ರಂಥಿಗೆ ಅಂಗಡಿಗಳಲ್ಲಿ ಬೆಲೆಯುಂಟು. ಆದುದರಿಂದ ನಿಂತ ಮರವನ್ನು ಉಳಿಸುವುದೇ ಲೇಸು. ಕಡಿಯಲೇಬೇಕಾದರೆ ಅರಣ್ಯಾಧಿಕಾರಿಗಳ ಅನುಮತಿಯನ್ನು ವಿಚಾರಿಸಿ, ಮೊದಲು ಬುಡದ ಸುತ್ತಲೂ ತೊಗಟೆ ತೆಗೆಸಿ ಮರವು ನಿಂತಲ್ಲೇ ಒಣಗುವಂತೆ ಮಾಡತಕ್ಕದ್ದು. ಹಳೆಯ ಕಾಡುಕೆಲಸಗಾರರ ಪದ್ಧತಿಯೂ ಇದೇ. ಕೆಲಸದವರು ಕೈಗವಸು, ತುಂಬುತೋಳಿನ ಅಂಗಿ ಧರಿಸಬೇಕು. ಕಾಯಿ ಸುಡುವ ಹೊಗೆಯಿಂದ ದೂರವಿರಬೇಕು.

ರಸ ತಾಗಿದೊಡನೆ ಸಾಬೂನುನೀರಿನಿಂದ ಚೆನ್ನಾಗಿ ತೊಳೆಯಬೇಕು. ಬೊಬ್ಬೆಗಳನ್ನು ಒಡೆಯಬಾರದು, ಕಣ್ಣಿಗಾಗಲಿ ಮುಖಕ್ಕಾಗಲಿ ತಗುಲಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಕಾಯಿ ಬಿಟ್ಟಿರುವ ಕಾಲದಲ್ಲಿ ಆಳುಗಳಿಗೂ ಮಕ್ಕಳಿಗೂ ಒಮ್ಮೆ ಮರವನ್ನು ದೂರದಿಂದ ತೋರಿಸಿಟ್ಟರೆ, ಎಲೆಯುದುರಿದ ಬೇಸಗೆಯಲ್ಲಿಯೂ ಅವರು ಮೋಸಹೋಗಲಾರರು.