ಪಾರ್ಶ್ವವಾಯು ಮರುಕಳಿಸದಿರಲಿ

ಪಾರ್ಶ್ವವಾಯುವಿಗೆ ತುತ್ತಾದವರು ಚೇತರಿಸಿಕೊಂಡು ಕೋಲೂರಿ ಜಗಲಿಗೆ ಬಂದೊಡನೆ ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಒಮ್ಮೆ ಈ ವ್ಯಾಧಿ ಬಂದವರಿಗೆ ಅದು ಮತ್ತೆ ಬರುವ ಸಂಭವವು ಇತರರಿಗಿಂತ ಹೆಚ್ಚು. ಮೊದಲ ಕೆಲವು ತಿಂಗಳುಗಳಲ್ಲಂತೂ ಇನ್ನೂ ಅಧಿಕ. ಎರಡನೆಯ ಆಘಾತವು ಉಳಿದ ಶಕ್ತಿಯನ್ನೂ ಕಸಿದುಕೊಳ್ಳಬಲ್ಲುದು.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯವು ಪಕ್ಷಾಘಾತವನ್ನು ವಾತವ್ಯಾಧಿಗಳ ಸಾಲಿನಲ್ಲಿ ವಿವರಿಸುತ್ತದೆ. ಮೆದುಳಿನ ರಕ್ತನಾಳವು ಮುಚ್ಚುವುದರಿಂದ ಅಥವಾ ಒಡೆಯುವುದರಿಂದ ಇದು ಉಂಟಾಗುವುದೆಂದು ಆಧುನಿಕ ವೈದ್ಯವು ತಿಳಿಸುತ್ತದೆ. ಎರಡಕ್ಕೂ ಪ್ರಮುಖ ಕಾರಣ ಏರಿದ ರಕ್ತದೊತ್ತಡ. ಅಭ್ಯಂಗವು ಸೋತ ಅಂಗಕ್ಕೆ ಹಿತ, ನಿಜ. ಆದರೆ ರಕ್ತದೊತ್ತಡದ ಮಾತ್ರೆಗೆ ಅದು ಬದಲಿಯಲ್ಲ. ಮೈ ಹಗುರಾಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಬಹುದೊಡ್ಡ ಅಪಾಯ. ನಿತ್ಯಪೂಜೆಯ ವೇಳೆಯೊಡನೆ ಮಾತ್ರೆಯ ವೇಳೆಯನ್ನೂ ಜೋಡಿಸಿಕೊಂಡರೆ ಮರೆವಿಗೆ ಆಸ್ಪದವಿರದು. ಮಧುಮೇಹವುಳ್ಳವರು ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಬೇಕು.

ಲವಣವನ್ನು ಅತಿಯಾಗಿ ಬಳಸಬಾರದೆಂದು ಚರಕರು ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿಯೇ ಎಚ್ಚರಿಸಿದ್ದಾರೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಮಲೆನಾಡಿನ ಮಳೆಗಾಲದ ಊಟದಲ್ಲಿ ಅಪ್ಪೆಮಿಡಿ, ಹಪ್ಪಳ, ಬಾಳಕದ ಮೆಣಸು ಸೇರಿದರೆ ಈ ಮಿತಿ ಸುಲಭವಾಗಿ ಮೀರುತ್ತದೆ. ಇವುಗಳ ಬದಲು ಉಪ್ಪು ತಗ್ಗಿಸಿದ ಒಂದೆಲಗದ ತಂಬುಳಿ, ಸೊಪ್ಪು, ತರಕಾರಿಗಳಿರಲಿ. ಎಲೆಯಡಿಕೆಯೊಡನೆ ಹೊಗೆಸೊಪ್ಪು, ಬೀಡಿ, ಮದ್ಯ ಇವು ಪೂರ್ಣ ವರ್ಜ್ಯ.

ಗಿಡಮೂಲಿಕೆಯಾದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಕೆಮ್ಮಿಗೆಂದು ದಿನವೂ ಕುಡಿಯುವ ಜ್ಯೇಷ್ಠಮಧುವಿನ ಕಷಾಯವು ರಕ್ತದೊತ್ತಡವನ್ನು ಏರಿಸಬಲ್ಲುದು. ಅಂಗಡಿಯಿಂದ ತರುವ ಮೈಕೈ ನೋವಿನ ಮಾತ್ರೆಗಳೂ ಹಾಗೆಯೇ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಬೇರೆ ಯಾವ ಔಷಧಿಯನ್ನೂ ಕೇಳದೆ ಸೇರಿಸಬಾರದು.

ವೈದ್ಯರ ಒಪ್ಪಿಗೆ ಪಡೆದು ವಾರಕ್ಕೆ ಐದು ದಿನವಾದರೂ 30 ನಿಮಿಷ ನಡೆಯಿರಿ. ಜಡಿಮಳೆಯಿದ್ದರೆ ಜಗಲಿಯಲ್ಲಿಯೇ ಆಗಲಿ. ರಕ್ತದೊತ್ತಡವನ್ನು ಆಗಾಗ ಅಳೆಯಿಸಿ, ಚೀಟಿಯಲ್ಲಿ ಬರೆದಿಡಿ.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಕೆಲವೇ ನಿಮಿಷಗಳಲ್ಲಿ ಸರಿಹೋದರೂ ಸಹ, ತಕ್ಷಣ 108ಕ್ಕೆ ಕರೆಮಾಡಿ. ಲಕ್ಷಣ ಆರಂಭವಾದ ಹೊತ್ತನ್ನು ಗುರುತಿಟ್ಟುಕೊಳ್ಳಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4½ ಗಂಟೆಯೊಳಗೆ ಕೊಡಬೇಕು. ನಿಟ್ಟೂರಿನ ಕಡೆಯಿಂದ ಶಿವಮೊಗ್ಗದ ದಾರಿಗೇ ಗಂಟೆಗಳು ಹಿಡಿಯುವುದರಿಂದ, ಎಣ್ಣೆ ತಿಕ್ಕುತ್ತಾ, ನಾಟಿಮದ್ದು ಹುಡುಕುತ್ತಾ ಕುಳಿತರೆ ಆ ಅವಕಾಶ ಕೈತಪ್ಪುತ್ತದೆ. ನುಂಗಲಾಗದ ರೋಗಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಕೊಡದಿರಿ. ಯಾವ ಆಸ್ಪತ್ರೆಗೆ, ಯಾರ ವಾಹನದಲ್ಲಿ ಹೋಗುವುದೆಂಬುದನ್ನು ಮನೆಯವರೆಲ್ಲರೂ ಇಂದೇ ನಿಶ್ಚಯಿಸಿಕೊಳ್ಳುವುದು ಒಳಿತು.